ಹಚ್ಚಿದ ಗಿಡಕ್ಕಿಂತ ಕಿತ್ತ ಜಾಲಿ ಜಾಸ್ತಿ: ಗಂಗಾವತಿ ಕಡೆಯ ನನ್ನ ಅನುಭವ

ಜೂನ್ 5 ಹತ್ತಿರ ಬಂತು ಅಂದ್ರೆ ನನಗೆ ಫೋನ್ ಜಾಸ್ತಿ. "ಅಣ್ಣಾ, ಪರಿಸರ ದಿನಕ್ಕ ಗಿಡ ಹಚ್ಚಬೇಕು, ಸಸಿ ಎಲ್ಲಿ ಸಿಗ್ತಾವ?" ಅಂತ ಕೇಳುತ್ತಾರೆ. ನಾನು ಗಂಗಾವತಿಯಲ್ಲಿ ಗೊಬ್ಬರದ ಅಂಗಡಿ ನಡೆಸುವವನು. ಭಾನುವಾರ ಕೆಲವು ಗೆಳೆಯರ ಜೊತೆ ಕನಕಗಿರಿ ಕಡೆಯ ಒಂದು ಊರಿನ ಕೆರೆಯಲ್ಲಿ, ಅದಕ್ಕೆ ಹತ್ತಿದ ಗೋಮಾಳದಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ 'ಗಿಡದವನು' ಅಂತ ಹೆಸರು ಬಿದ್ದಿದೆ. ಆದರೆ ನಾವು ಹಚ್ಚಿದ್ದಕ್ಕಿಂತ ಕಿತ್ತಿದ್ದೇ ಜಾಸ್ತಿ. ಫೋನ್ ಮಾಡಿದವರಿಗೆ ನಾನು ಹೇಳೋದು ಒಂದೇ: ಸಸಿ ಈಗ ಬೇಡ, ಮನೆಯಲ್ಲಿ ಗುದ್ದಲಿ ಇದ್ದರೆ ತಗೊಂಡು ಬನ್ನಿ.

ಯಾಕೆ ಅಂದ್ರೆ ಜೂನ್ ನಮ್ಮ ಕಡೆ ಮಳೆಗಾಲವೇ ಅಲ್ಲ. ಮಲೆನಾಡಲ್ಲಿ ಮಳೆ ಸುರಿಯುವಾಗ ಇಲ್ಲಿ ಬರೀ ಗಾಳಿ. ಒಂದೆರಡು ಹದ ಮಳೆ ಬಂದು ಆಸೆ ಹುಟ್ಟಿಸುತ್ತೆ, ಆಮೇಲೆ ವಾರಗಟ್ಟಲೆ ಒಣಗಾಳಿ ಬೀಸಿ ಎಳೆ ಸಸಿಯ ಎಲೆ ಸುಡುತ್ತೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಹುಬ್ಬಿ, ಉತ್ತರಿ ಮಳೆ ಅಂತ ರೈತರು ಕಾಯ್ತಾರಲ್ಲ, ಗಿಡಕ್ಕೂ ಅದೇ ಕಾಲ. ಬೆಂಗಳೂರಿನ ಕ್ಯಾಲೆಂಡರ್ ನೋಡಿ ಇಲ್ಲಿ ಗುಂಡಿ ತೋಡಿದರೆ ಫೋಟೋ ಸಿಗುತ್ತೆ, ಮರ ಸಿಗೋದಿಲ್ಲ.

ಇನ್ನೊಂದು ವಿಷಯ. ತುಂಗಭದ್ರಾ ಎಡದಂಡೆ ಕಾಲುವೆ ಹರಿದಷ್ಟು ದೂರ ಭತ್ತ, ಹಸಿರು. ಅದನ್ನು ದಾಟಿದರೆ ಮಸಾರಿ, ಅಂದ್ರೆ ಕೆಂಪು ಮಣ್ಣಿನ ಭೂಮಿ, ಬಂಡೆ, ಕುರುಚಲು ಕಂಟಿ, ಹುಲ್ಲು. ನೋಡಿದವರು ಅದನ್ನು ಬಂಜರು ಅಂತಾರೆ, ಕಂದಾಯ ದಾಖಲೆಯಲ್ಲಿ ಖರಾಬು ಅಂತ ಇರುತ್ತೆ. ಅಂಥ ಜಾಗದಲ್ಲೇ ತೋಳ ಇದೆ. ನಮ್ಮ ತಾಲ್ಲೂಕಿನ ಬಂಕಾಪುರ ತೋಳಧಾಮ ಆಗಿದ್ದು ಅದಕ್ಕೇ. ತೋಳಕ್ಕೆ ದಟ್ಟ ಕಾಡು ಬೇಡ. ಬಯಲು ಬೇಕು, ಹುಲ್ಲು ಬೇಕು, ಮರಿ ಹಾಕಲು ಬಂಡೆ ಸಂದಿಯೋ ಹಳ್ಳದ ದಂಡೆಯೋ ಬೇಕು. ಅಲ್ಲಿಗೆ ಹೋಗಿ ಸಾಲಾಗಿ ಸಸಿ ಹಚ್ಚುವುದು ಸೇವೆ ಅಂತ ನನಗಂತೂ ಅನ್ನಿಸೋದಿಲ್ಲ.

ಹಾಗಿದ್ದರೆ ಮಾಡುವ ಕೆಲಸ ಯಾವುದು? ಬಳ್ಳಾರಿ ಜಾಲಿ ತೆಗೆಯುವುದು. ಅಮೆರಿಕ ಖಂಡದ ಈ ಗಿಡ 1870ರ ದಶಕದಲ್ಲಿ ಭಾರತಕ್ಕೆ ಬಂತು. ಬರಗಾಲದ ನೆಲಕ್ಕೆ ಹಸಿರು, ಬಡವರಿಗೆ ಸೌದೆ ಅನ್ನೋ ಲೆಕ್ಕದಲ್ಲಿ ಆಮೇಲೂ ಹಚ್ಚಿದರು. ಈಗ ಕೆರೆ ಅಂಗಳ, ಹಳ್ಳ, ಗೋಮಾಳ ಯಾವುದನ್ನೂ ಬಿಟ್ಟಿಲ್ಲ. ಕಾಯಿ ಸಿಹಿ ಇರುತ್ತೆ, ಕುರಿ ಆಡು ದನ ತಿಂತವೆ, ಬೀಜ ಸಗಣಿ ಹಿಕ್ಕೆಯಲ್ಲಿ ಹೊರಗೆ ಬಂದು ಗೊಬ್ಬರ ಸಮೇತ ಮೊಳೆಯುತ್ತೆ. ಅದರ ಕೆಳಗೆ ಹುಲ್ಲು ಬರೋದಿಲ್ಲ.

ಶುರು ಮಾಡುವ ಮುಂಚೆ ಜಾಗ ಯಾರದು ಅಂತ ತಿಳಿಯಬೇಕು. ಇದನ್ನು ಬಿಟ್ಟು ಮುಂದೆ ಹೋದವರು ಕೆಲಸ ಅರ್ಧಕ್ಕೆ ನಿಲ್ಲಿಸಿದ್ದನ್ನು ನೋಡಿದ್ದೇನೆ. ಗೋಮಾಳ ಕಂದಾಯ ಇಲಾಖೆಯದು. ಕೆರೆಯಾದರೆ ಅದರ ಅಚ್ಚುಕಟ್ಟು, ಅಂದ್ರೆ ನೀರು ಹಾಯುವ ಜಮೀನು, 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಪಂಚಾಯ್ತಿ ಕಡೆ. ಅರಣ್ಯ ಜಮೀನಾದರೆ ವಲಯ ಅರಣ್ಯಾಧಿಕಾರಿ ಹೇಳದೆ ಒಂದು ಕಡ್ಡಿಯನ್ನೂ ಮುಟ್ಟುವ ಹಾಗಿಲ್ಲ, ಅದು ಜಾಲಿಯೇ ಆಗಿರಲಿ. ನಾವು ಗ್ರಾಮ ಪಂಚಾಯ್ತಿಗೆ ಅರ್ಜಿ ಕೊಟ್ಟು, ಗ್ರಾಮಸಭೆಯಲ್ಲಿ ಮಾತಾಡಿ, ನಡಾವಳಿಯಲ್ಲಿ ಬರೆಸಿದೆವು. ಪಂಚಾಯ್ತಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಒಂದು ಇರಬೇಕು, 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಅದು ಇದೆ. ಬಹಳ ಕಡೆ ಕಾಗದದಲ್ಲಷ್ಟೇ ಇರುತ್ತೆ. ಆದರೂ ಅದರ ಹೆಸರು ಹೇಳಿದರೆ ಅರ್ಜಿ ಸ್ವಲ್ಪ ಬೇಗ ಸರಿಯುತ್ತೆ. ಊರವರನ್ನು ಒಪ್ಪಿಸಲು ನನಗೆ ಕಷ್ಟವಾಗಲಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಅಜ್ಜಾರು (ಸ್ವಾಮೀಜಿ) ಮುಂದೆ ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದ್ದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. "ಹಿರೇಹಳ್ಳ ಮಾಡಿದಂಗ ಮಾಡ್ತೀರೇನು?" ಅಂತ ಊರವರೇ ಕೇಳಿದರು.

ಜಾಲಿ ಕೀಳುವ ರೀತಿ ಹೇಳುತ್ತೇನೆ. ಬರೀ ಕಡಿದರೆ ಪ್ರಯೋಜನ ಇಲ್ಲ, ಬೊಡ್ಡೆಯಿಂದ ಹತ್ತು ಚಿಗುರು ಎದ್ದು ಮುಂಚಿಗಿಂತ ದಟ್ಟ ಆಗುತ್ತೆ. ಬೊಡ್ಡೆಯ ಸುತ್ತ ಒಂದಡಿಯಷ್ಟು ಆಳ ತೋಡಿ, ಚಿಗುರೊಡೆಯುವ ಗಂಟಿನ ಕೆಳಗೆ ಬೇರು ಕತ್ತರಿಸಬೇಕು. ಇದಕ್ಕೆ ನೆಲ ಹಸಿ ಇರಬೇಕು. ಅದಕ್ಕೇ ಮಳೆ ಬಿದ್ದು ಎರಡು ಮೂರು ದಿನ ಆದಮೇಲೆ ಹೋಗುತ್ತೇವೆ. ಬೇಸಿಗೆಯಲ್ಲಿ ಮಸಾರಿ ನೆಲಕ್ಕೆ ಹಾರೆ ಹಾಕಿದರೆ ಕಿಡಿ ಹಾರುತ್ತೆ ಅಷ್ಟೇ. ತೊಡೆ ಗಾತ್ರದ ಮರಕ್ಕೆ ಜೆಸಿಬಿಯೇ ಬೇಕು. ನಮ್ಮ ಅಂಗಡಿಗೆ ಬರುವ ರೈತರೊಬ್ಬರದು ಇದೆ, ಡೀಸೆಲ್ ಹಾಕಿಸಿದರೆ ಅರ್ಧ ದಿನ ಕಳಿಸುತ್ತಾರೆ. ಮೊಣಕಾಲೆತ್ತರದ ಸಸಿಯನ್ನು ಕೈಯಲ್ಲೇ ಎಳೆಯಬಹುದು, ದಪ್ಪ ಚರ್ಮದ ಗ್ಲೌಸ್ ಬೇಕು. ಮುಳ್ಳು ಹವಾಯಿ ಚಪ್ಪಲಿ ತೂರಿ ಬರುತ್ತೆ, ಮುರಿದು ಒಳಗೆ ಉಳಿದರೆ ಕೀವಾಗುತ್ತೆ. ಕಳೆನಾಶಕ ಹೊಡಿ ಅಂತ ನನಗೇ ಸಲಹೆ ಕೊಡುವವರಿದ್ದಾರೆ, ಅದನ್ನು ಮಾರುವವನು ನಾನೇ ಅಲ್ವಾ! ದನ ಕುರಿ ನೀರು ಕುಡಿಯುವ ಕೆರೆಯಲ್ಲಿ ನಾನು ಹೊಡೆಯೋದಿಲ್ಲ.

ಒಂದೇ ಸಲಕ್ಕೆ ಎಲ್ಲಾ ಬೋಳು ಮಾಡಬಾರದು. ಜಾಲಿ ಎಷ್ಟೇ ಕೆಟ್ಟದ್ದಾದರೂ ಗೌಜಲಹಕ್ಕಿ, ಮೊಲ, ನರಿ ಸದ್ಯ ಅದರಲ್ಲೇ ಅಡಗುತ್ತವೆ. ನಾವು ಪಟ್ಟಿ ಪಟ್ಟಿಯಾಗಿ ತೆಗೆಯುತ್ತೇವೆ, ಒಂದು ಪಟ್ಟಿಯಲ್ಲಿ ಹುಲ್ಲು ಕೂತಮೇಲೆ ಪಕ್ಕದ್ದು. ತೆಗೆದ ಜಾಗಕ್ಕೆ ಮುಂದಿನ ಮಳೆಯಲ್ಲಿ ಮತ್ತೆ ಹೋಗಲೇಬೇಕು. ಮಣ್ಣಲ್ಲಿ ಉಳಿದ ಬೀಜ ವರ್ಷಗಟ್ಟಲೆ ಹುಟ್ಟುತ್ತಲೇ ಇರುತ್ತೆ. ಸ್ವಯಂಸೇವಕರು ಕಡಿಮೆಯಾಗುವುದು ಇಲ್ಲೇ. ಮೊದಲ ದಿನ ಜಾತ್ರೆ, ಎರಡನೇ ವರ್ಷ ಐದಾರು ಜನ.

ಕುರಿ ಕಾಯುವ ಒಬ್ಬ ಅಜ್ಜ ನಮ್ಮನ್ನು ಬಹಳ ದಿನ ದೂರದಿಂದ ನೋಡುತ್ತಿದ್ದರು. ಬೇಲಿ ಹಾಕಿ ಕುರಿ ಬಿಡದಂಗ ಮಾಡ್ತಾರ ಅನ್ನೋ ಅನುಮಾನ ಅವರಿಗೆ. ಒಂದಿನ ನಾನೇ ಹೋಗಿ ಕೂತೆ. "ಯಜ್ಜಾ, ಇಲ್ಲಿ ಏನು ಹಚ್ಚಬೇಕು?" ಅಂದೆ. "ಏನೂ ಹಚ್ಚಬ್ಯಾಡೋ ತಮ್ಮಾ, ಜಾಲಿ ಕಿತ್ತು ಎರಡು ಮಳಿ ಕುರಿ ಬಿಡಬ್ಯಾಡ್ರಿ, ಕರಡ ತಾನ ಬರ್ತೈತಿ" ಅಂದರು. ಹಾಗೇ ಆಯಿತು, ಕರಡ ಹುಲ್ಲು ತಾನೇ ಎದ್ದಿತು. ಒಂದು ಕಡೆ ಬಿಡೋದು, ಒಂದು ಕಡೆ ಮೇಯಿಸೋದು ಅಂತ ಅವರೇ ಉಳಿದ ಕುರಿಗಾಹಿಗಳ ಜೊತೆ ಮಾತಾಡಿ ಗೊತ್ತು ಮಾಡಿದರು. ಹುಲ್ಲಿನ ನಡುವೆ ಬಾರೆ, ಕವಳಿ, ತಂಗಡಿ, ಬೇವು ತಾವಾಗೇ ಎದ್ದವು. ಬೇರು ಒಳಗೇ ಇತ್ತೋ, ಹಕ್ಕಿ ತಂದು ಹಾಕಿದ್ದೋ. ದರೋಜಿ ಕರಡಿಧಾಮ ನೋಡಿದವರಿಗೆ ಇದು ಅರ್ಥವಾಗುತ್ತೆ. 1994ರಲ್ಲಿ ಆದ ಆ ಧಾಮದಲ್ಲಿ ಕರಡಿ ಬದುಕೋದು ಇಂಥ ಕುರುಚಲು ಕಾಡಿನ ಹಣ್ಣು, ಗೆದ್ದಲು, ಜೇನಿನ ಮೇಲೇ.

ಹಚ್ಚಿದ್ದೂ ಇದೆ, ಸುಳ್ಳು ಹೇಳಬಾರದು. ನಮ್ಮದು ಮುಖ್ಯವಾಗಿ ಕಮರದ ಮರ. ಬೇಸಿಗೆಯಲ್ಲಿ ಅದರ ತೆಳ್ಳನೆ ರೆಕ್ಕೆಯಂಥ ಕಾಯಿ ಗಾಳಿಗೆ ಉದುರುತ್ತೆ, ಗುಡಿಸಿ ಚೀಲ ತುಂಬಬಹುದು. ಮೊದಲ ವರ್ಷಗಳಲ್ಲಿ ಮೇಲೆ ಏನೂ ಬೆಳೆದ ಹಾಗೆ ಕಾಣೋದಿಲ್ಲ, ಬೇರು ಮಾತ್ರ ಆಳಕ್ಕೆ ಇಳಿಯುತ್ತೆ. ಸಣ್ಣ ಪಾಕೀಟಿನಲ್ಲಿ ಬೆಳೆಸಿದರೆ ಆ ಬೇರು ಸುತ್ತಿಕೊಂಡು ಕೆಡುತ್ತೆ, ಅದಕ್ಕೆ ಬೀಜವನ್ನೇ ನೆಲಕ್ಕೆ ಹಾಕುತ್ತೇವೆ. ಸುತ್ತ ಬೇಲಿಗೆ ಕಿತ್ತ ಜಾಲಿಯ ಮುಳ್ಳನ್ನೇ ಬಳಸುತ್ತೇವೆ, ಕಾಯಿ ಇಲ್ಲದ ಟೊಂಗೆ ನೋಡಿ. ಕೆರೆ ಏರಿ ಮೇಲೆ ಮಾತ್ರ ದೊಡ್ಡ ಮರ ಹಚ್ಚಬೇಡಿ. ಬೇರು ಹೋದ ದಾರಿಯಲ್ಲಿ ನೀರು ಜಿನುಗುತ್ತೆ, ಎಂಜಿನಿಯರ್‌ಗಳು ಬೈದರೆ ಅದು ನ್ಯಾಯವೇ.

ಇನ್ನು ಮಕ್ಕಳು. ಊರಿನ ಶಾಲೆಯ ವಿಜ್ಞಾನದ ಟೀಚರ್ ಬ್ಯಾಗ್ ಇಲ್ಲದ ಶನಿವಾರ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಜಾಲಿ ಕೀಳುವ ಕೆಲಸ ಅವರಿಗೆ ಕೊಡೋದಿಲ್ಲ. ಕೆರೆಯಲ್ಲಿ ಒಂದು ಕಂಬ ನಿಲ್ಲಿಸಿ ಅಡಿ, ಇಂಚಿನ ಗುರುತು ಹಾಕಿದ್ದೇವೆ, ನೀರು ಎಷ್ಟಿದೆ ಅಂತ ಬರೆದುಕೊಳ್ಳುತ್ತಾರೆ. ಯಾವ ಹಕ್ಕಿ ಎಷ್ಟು ಅಂತ ಎಣಿಸುತ್ತಾರೆ. ಭಾಷಣ ನಾನು ಬಿಟ್ಟುಬಿಟ್ಟಿದ್ದೇನೆ. "ನಿಮ್ಮ ಅಜ್ಜಿ ಚಿಕ್ಕವಳಿದ್ದಾಗ ಇಲ್ಲಿ ಏನು ಹಣ್ಣು ತಿಂತಿದ್ದಳು, ಕೇಳಿಕೊಂಡು ಬಾ" ಅಂದರೆ ಸಾಕು, ಮುಂದಿನ ಸಲ ನನಗೇ ಗೊತ್ತಿಲ್ಲದ ಹೆಸರು ತರುತ್ತಾರೆ.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ನೀರುನಾಯಿ ಹಿಕ್ಕೆ! ಆನೆಗೊಂದಿ ಹತ್ತಿರ ಹೊಳೆ ದಂಡೆಗೆ ಕರೆದೊಯ್ದಿದ್ದೆವು. ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ನೀರುನಾಯಿಗಳು ಗುಂಪಾಗಿ ಇರುತ್ತವೆ, ಬಂಡೆ ಮೇಲೆ ಒಂದೇ ಕಡೆ ಹಿಕ್ಕೆ ಹಾಕುತ್ತವೆ. ಕಡ್ಡಿಯಲ್ಲಿ ಕೆದಕಿದರೆ ಮೀನಿನ ಹುರುಪೆ, ಏಡಿ ಚಿಪ್ಪು. ಒಬ್ಬ ಹುಡುಗ, ಮೀನು ಹಿಡಿಯುವವರ ಮನೆಯವನು, "ನಮ್ಮ ಬಲಿ ಹರಿಯೂದು ಇದ ನೋಡ್ರಿ ಸರ್" ಅಂದ. ಸಂರಕ್ಷಣೆಯ ಪಾಠದಲ್ಲಿ ಅವನ ಅಪ್ಪನ ಬಲೆಗೂ ಜಾಗ ಬೇಕು, ಅವತ್ತು ಪೂರ್ತಿ ಮಾತು ಅದರ ಮೇಲೇ ಹೋಯಿತು. ಒಂದು ಎಚ್ಚರಿಕೆ: ಈ ಹೊಳೆಯಲ್ಲಿ ಮೊಸಳೆ ಇದೆ, ಮಕ್ಕಳನ್ನು ನೀರಿಗೆ ಇಳಿಸಬೇಡಿ.

ಸೇರಬೇಕು ಅನ್ನುವವರಿಗೆ ವರ್ಷವಿಡೀ ಕೆಲಸ ಇದೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ, ತುಂಗಭದ್ರಾ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತು ಬಂದಿರುವ ಹೊತ್ತು ಅದು. ಫೆಬ್ರವರಿಯಲ್ಲಿ ನಾಲ್ಕು ದಿನದ ಹಿತ್ತಲ ಹಕ್ಕಿ ಎಣಿಕೆ, ಮೊಬೈಲ್‌ನಲ್ಲಿ ಹಕ್ಕಿ ಲೆಕ್ಕ ಬರೆಯುವ ಇ-ಬರ್ಡ್ ಆ್ಯಪ್ ಇದ್ದರೆ ಮನೆ ಮಾಳಿಗೆಯಿಂದಲೇ ಮಾಡಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಹುಲ್ಲಿಗೆ ಬೆಂಕಿ ಬೀಳದಂತೆ ಕಾಯಬೇಕು. ಮೇ ತಿಂಗಳು ಬೀಜಕ್ಕೆ. ಸರ್ಕಾರಿ ಶಾಲೆಯವರು ಚಿಣ್ಣರ ವನ ದರ್ಶನಕ್ಕೆ ವಲಯ ಅರಣ್ಯ ಕಚೇರಿಯಲ್ಲಿ ಕೇಳಲಿ, ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಅರಣ್ಯ ಇಲಾಖೆಯ ಕಾರ್ಯಕ್ರಮ ಅದು. ಬೀಜದುಂಡೆ ಎಸೆಯುವ ಕಾರ್ಯಕ್ರಮಕ್ಕೆ ಮಾತ್ರ ನನ್ನನ್ನು ಕರೆಯಬೇಡಿ, ನನಗೆ ಅದರಲ್ಲಿ ನಂಬಿಕೆ ಇಲ್ಲ.

ಸದ್ಯ ನಮ್ಮ ಕೆಲಸ ಕೆರೆಯ ಪಡುವಣ ದಂಡೆಗೆ ಬಂದು ನಿಂತಿದೆ. ಅಲ್ಲಿನ ಜಾಲಿ ಕಡಿದು ಇದ್ದಿಲು ಸುಟ್ಟು ಮಾರುವ ಎರಡು ಮನೆಗಳಿವೆ. ಇಡೀ ದಂಡೆ ಖಾಲಿಯಾದರೆ ಅವರ ಒಲೆ ಉರಿಯೋದು ಹೇಗೆ? ಬೇರು ಸಮೇತ ಕಿತ್ತ ಮರ ಪೂರ್ತಿ ಅವರಿಗೇ, ಜೆಸಿಬಿ ಖರ್ಚು ನಮ್ಮದು ಅಂತ ಹೇಳಿದ್ದೇವೆ. "ಅದು ಒಂದು ವರ್ಷದ ಮಾತಾತು, ಆಮ್ಯಾಲೆ?" ಅಂತ ಆ ಮನೆಯ ಅಕ್ಕ ಕೇಳಿದ್ದಾರೆ. ಹುಲ್ಲು ಕೊಯ್ಯುವ ಹಕ್ಕನ್ನು ಪಂಚಾಯ್ತಿಯಿಂದ ಅವರಿಗೇ ಬರೆಸಿಕೊಡಲು ಆಗುತ್ತಾ ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳುವವರಿದ್ದೇವೆ. ಅದು ಇತ್ಯರ್ಥ ಆಗುವವರೆಗೆ ಆ ದಂಡೆಗೆ ಗುದ್ದಲಿ ಹಾಕೋದಿಲ್ಲ.