ಫೋಟೊ ಪ್ರಿಂಟ್‌ಗೆ ಸಹಿ: ಎಲ್ಲಿ ಹಾಕಬೇಕು, ಯಾವುದರಲ್ಲಿ?

ಪ್ರಿಂಟ್ ಕೈಗೆ ಬಂದ ಖುಷಿಯಲ್ಲಿ ಅದನ್ನು ನೇರ ಫ್ರೇಮ್‌ಗೆ ಕೊಟ್ಟುಬಿಡುತ್ತೇವೆ. ಸಹಿ ನೆನಪಾಗುವುದು ಗಾಜು ಕೂತ ಮೇಲೆ. ಮೊದಲು ಸಹಿ, ಆಮೇಲೆ ಫ್ರೇಮ್ ಅಂತ ಇಟ್ಟುಕೊಳ್ಳಿ.

ಮೊದಲು ಜಾಗ ನೋಡಿ. ತುಂಬಾ ಜನ ಮೌಂಟ್ ಬೋರ್ಡ್ ಮೇಲೆ, ಅಂದರೆ ಫೋಟೊ ಸುತ್ತ ಕಾಣುವ ದಪ್ಪ ರಟ್ಟಿನ ಮೇಲೆ, ಬಲಗಡೆ ಕೆಳಗೆ ಸಹಿ ಹಾಕುತ್ತಾರೆ. ನೋಡೋಕೆ ಚೆಂದ. ಆದರೆ ರಟ್ಟು ಹಳದಿಯಾದಾಗ, ಕಲೆಯಾದಾಗ, ಅಥವಾ ಸುಮ್ನೆ ಬೇರೆ ಬಣ್ಣ ಬೇಕು ಅನಿಸಿದಾಗ ಅದನ್ನು ಬದಲಾಯಿಸುತ್ತಾರೆ, ಹಳೆ ರಟ್ಟಿನ ಜೊತೆ ನಿಮ್ಮ ಹೆಸರೂ ಹೋಗುತ್ತದೆ. ನಾನು ಕೊಟ್ಟ ಒಂದು ಫೋಟೊ ಹೀಗೆಯೇ ಹೆಸರಿಲ್ಲದೆ ಗೋಡೆಯಲ್ಲಿದ್ದುದನ್ನು ನೋಡಿ ತುಂಬಾ ಬೇಜಾರಾಗಿತ್ತು. ಅಂದಿನಿಂದ ನನ್ನ ಸಹಿ ಪ್ರಿಂಟ್ ಮೇಲೆಯೇ.

ಅದಕ್ಕೆ ಪ್ರಿಂಟ್ ಮಾಡಿಸುವಾಗಲೇ ಸುತ್ತ ಬಿಳಿ ಅಂಚು ಬಿಡಿಸಿ. ರಟ್ಟಿನ ಕಿಂಡಿಯನ್ನು ಚಿತ್ರಕ್ಕಿಂತ ಸ್ವಲ್ಪ ದೊಡ್ಡದಾಗಿ, ಕೆಳಗಡೆ ಸುಮಾರು 1 ಸೆಂ.ಮೀ. ಜಾಸ್ತಿ ಬಿಟ್ಟು ಕತ್ತರಿಸಲು ಹೇಳಿದರೆ ಸಹಿ ಕಾಣುತ್ತದೆ. ಅಂಚೇ ಇಲ್ಲವೇ? ಪ್ರಿಂಟ್ ಹಿಂದೆ ಹಾಕಿ. ಚಿತ್ರದ ಒಳಗೆ ಮಾತ್ರ ಬೇಡ, ಕಣ್ಣು ಮೊದಲು ಅಕ್ಷರಕ್ಕೇ ಹೋಗುತ್ತದೆ ಅಲ್ವಾ?

ಇನ್ನು ಯಾವುದರಲ್ಲಿ ಬರೆಯುವುದು ಅನ್ನೋದು ಕಾಗದದ ಮೇಲೆ ನಿಂತಿದೆ. ಹೊಳಪಿಲ್ಲದ, ಕಾಟನ್ ಇರುವ ಕಾಗದಕ್ಕೆ ಎಚ್‌ಬಿ ಅಥವಾ 2ಬಿ ಪೆನ್ಸಿಲ್ ಸಾಕು. ಅದು ಮಾಸುವುದಿಲ್ಲ, ಹರಡುವುದಿಲ್ಲ. ಪ್ಲಾಸ್ಟಿಕ್ ಲೇಪನದ ಆರ್‌ಸಿ ಕಾಗದದ ಮೇಲೆ ಪೆನ್ಸಿಲ್ ಸರಿಯಾಗಿ ಹತ್ತುವುದಿಲ್ಲ, ಅಲ್ಲಿ ಪಿಗ್ಮೆಂಟ್ ಇಂಕಿನ, ಅಂದರೆ ಬಣ್ಣದ ಸಣ್ಣ ಪುಡಿ ಬೆರೆತ, ಬೇಗ ಮಾಸದ ಮಸಿಯ, ಸಣ್ಣ ಮೊನೆಯ ಪೆನ್ ಬೇಕು. ಬಾಲ್ ಪೆನ್ ಮುಟ್ಟಬೇಡಿ, ಹಿಂದೆ ಒತ್ತಿ ಬರೆದ ಗೀರು ಮುಂದೆ ಉಬ್ಬಿ ಕಾಣುತ್ತದೆ. ಅದೇ ಕಾಗದದ ಒಂದು ತುಂಡಿನ ಮೇಲೆ ಮೊದಲು ಬರೆದು, ಒಣಗಲು ಬಿಟ್ಟು, ಬೆರಳಿಂದ ಉಜ್ಜಿ ನೋಡಿ. ಮಸಿ ಮೆತ್ತಿಕೊಂಡರೆ ಆ ಪೆನ್ ಬೇಡ.

ಸಾಮಾನ್ಯವಾಗಿ ಸಹಿ ಬಲಗಡೆ. ಇಷ್ಟೇ ಪ್ರತಿ ಅಂತ ಮೊದಲೇ ನಿಗದಿ ಮಾಡಿ ಮಾರುವುದಾದರೆ ಪ್ರತಿಯ ಸಂಖ್ಯೆ ಎಡಗಡೆ. 3/25 ಅಂದರೆ 25 ಪ್ರತಿಗಳಲ್ಲಿ ಮೂರನೆಯದು. ಹಾಗೆ ಬರೆದ ಮೇಲೆ 26ನೆಯದನ್ನು ಮಾಡಲೇಬಾರದು, ಅದು ಕೊಂಡವರಿಗೆ ಕೊಟ್ಟ ಮಾತು. ಶೀರ್ಷಿಕೆ, ವರ್ಷ ಹಿಂಬದಿಯಲ್ಲಿದ್ದರೂ ಆದೀತು.

ಈಗಾಗಲೇ ಫ್ರೇಮ್ ಆಗಿದ್ದರೆ ಹಿಂದಿನ ಹಲಗೆ ಬಿಚ್ಚಿಸಿ, ಪ್ರಿಂಟನ್ನು ಅಂಚು ಹಿಡಿದು ಹೊರತೆಗೆದು ಸಹಿ ಹಾಕಿ. ಇಂಕ್ ಆಗಿದ್ದರೆ ಒಂದು ರಾತ್ರಿ ಒಣಗಲು ಬಿಟ್ಟು ಆಮೇಲೆ ಗಾಜು ಕೂರಿಸಿ.