ಡಿಕ್ಕಿಯಿಂದ ಡಬ್ಬಿಗೆ: ಹ್ಯಾಲೋವೀನ್ ಕ್ಯಾಂಡಿ ನಿಭಾಯಿಸುವುದು ಹೇಗೆ?

ಮೈಸೂರಿನ ಕಡೆ ಬೆಳೆದವರಿಗೆ ಇದು ನೆನಪಿರುತ್ತದೆ. ನವರಾತ್ರಿ ಸಂಜೆ ನಾಲ್ಕೈದು ಮಕ್ಕಳು ಗುಂಪು ಕಟ್ಟಿಕೊಂಡು ಮನೆಮನೆ ಬಾಗಿಲಿಗೆ ಹೋಗಿ ‘ಗೊಂಬೆ ಕೂರ್ಸಿದ್ದೀರಾ?’ ಎಂದು ಕೇಳುತ್ತಿದ್ದೆವು. ಗೊಂಬೆ ನೋಡಿ, ಒಂದು ಹಾಡು ಹೇಳಿ, ಚರ್ಪು (ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿ) ಇಸ್ಕೊಂಡು ಮುಂದಿನ ಮನೆಗೆ ಓಟ. ಅಮೆರಿಕದಲ್ಲಿ ಹ್ಯಾಲೋವೀನ್, ಅಂದರೆ ಅಕ್ಟೋಬರ್ 31ರ ಸಂಜೆ, ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಕ್ಯಾಂಡಿ ಇಸ್ಕೊಳ್ಳುತ್ತಾರೆ. ಶಿಕಾಗೋ ಪಕ್ಕದ ಊರಿನಲ್ಲಿ ನನ್ನ ಮಗಳು ಮೊದಲ ಸಲ ಹ್ಯಾಲೋವೀನ್‌ಗೆ ಚೀಲ ಹಿಡಿದು ಹೊರಟಾಗ ನನಗೆ ಆ ಸಂಜೆಗಳೇ ಕಣ್ಣ ಮುಂದೆ ಬಂದವು. ಆದರೆ ಚರ್ಪು ಅಂಗೈಯಲ್ಲೇ ಮುಗಿಯುತ್ತಿತ್ತು. ಕ್ಯಾಂಡಿ ಹಾಗಲ್ಲ, ಮನೆಗೆ ಬಂದು ವಾರಗಟ್ಟಲೆ ಕೂರುತ್ತದೆ.

ಆ ವರ್ಷ ಅವಳಿಗೆ ಐದು ವರ್ಷ. ರಾತ್ರಿ ಚೀಲ ಸುರಿದಾಗ ನನಗೆ ಗಾಬರಿಯಾಯಿತು. ಅರ್ಧಕ್ಕರ್ಧ ಬಾಚಿ ಕಸದ ಬುಟ್ಟಿಗೆ ಹಾಕಿದೆ. ‘ಅಮ್ಮಾ, ನೀನೇ ತಾನೇ ಕರ್ಕೊಂಡ್ ಹೋಗಿದ್ದು?’ ಎಂದು ಅತ್ತಳು. ಅವಳು ಕೇಳಿದ್ದು ಸರಿ. ಕ್ಯಾಂಡಿಯ ಮಾತು ಮನೆಯಿಂದ ಹೊರಡುವ ಮುಂಚೆಯೇ ಆಗಬೇಕು. ಮೊದಲ ಸಲ ಮಕ್ಕಳನ್ನು ಕರೆದೊಯ್ಯುವವರಿಗೆ ನಾನು ಮುಖ್ಯವಾಗಿ ಹೇಳುವುದು ಇದನ್ನೇ.

ಎಲ್ಲಿಗೆ ಹೋಗುವುದು?

ಚಿಕ್ಕ ಮಕ್ಕಳಿದ್ದರೆ ‘ಟ್ರಂಕ್ ಆರ್ ಟ್ರೀಟ್’ ಒಳ್ಳೆಯದು. ಶಾಲೆ, ಚರ್ಚು ಅಥವಾ ಪಾರ್ಕಿನ ಪಾರ್ಕಿಂಗ್ ಜಾಗದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು ಅಲಂಕಾರ ಮಾಡಿರುತ್ತಾರೆ. ಮಕ್ಕಳು ಮನೆಯಿಂದ ಮನೆಗೆ ಹೋಗುವ ಬದಲು ಕಾರಿನಿಂದ ಕಾರಿಗೆ ಹೋಗುತ್ತಾರೆ. ಸಾಮಾನ್ಯವಾಗಿ ಅಕ್ಟೋಬರ್ 31ಕ್ಕೆ ಮುಂಚಿನ ಶನಿವಾರ, ಭಾನುವಾರ ಇರುತ್ತದೆ. ಪಬ್ಲಿಕ್ ಲೈಬ್ರರಿಯ ನೋಟಿಸ್ ಬೋರ್ಡ್, ಶಾಲೆಯ ಇಮೇಲ್, ಊರಿನ ಪಾರ್ಕ್ ಇಲಾಖೆಯ ಪಟ್ಟಿ, ಈ ಮೂರನ್ನು ನೋಡಿದರೆ ಸಾಕು. ಕೆಲವು ಕಡೆ ಮೊದಲೇ ಹೆಸರು ಕೊಡಬೇಕು.

ನಾನು ಇದನ್ನು ಇಷ್ಟಪಡಲು ಕಾರಣವಿದೆ. ಮಕ್ಕಳು ನಡೆಯುವ ಜಾಗದಲ್ಲಿ ಕಾರುಗಳು ಓಡಾಡುವುದಿಲ್ಲ. ಅಮೆರಿಕದ 42 ವರ್ಷಗಳ ಅಪಘಾತದ ಲೆಕ್ಕ ತೆಗೆದ ಒಂದು ಅಧ್ಯಯನದಲ್ಲಿ, ಹ್ಯಾಲೋವೀನ್ ಸಂಜೆ ಕಾರು ಬಡಿದು ಪಾದಚಾರಿಗಳು ಸಾಯುವ ಅಪಾಯ ಆಸುಪಾಸಿನ ಬೇರೆ ಸಂಜೆಗಳಿಗಿಂತ 43% ಜಾಸ್ತಿ ಎಂದು ಕಂಡುಬಂತು. ಬೀದಿಯಲ್ಲೇ ಹೋಗುವುದಾದರೆ ಟಾರ್ಚ್ ಇರಲಿ, ಕೈ ಹಿಡಿದೇ ರಸ್ತೆ ದಾಟಿ.

ನಿಮ್ಮ ಕಾರನ್ನೂ ನಿಲ್ಲಿಸಬಹುದು. ನಾವು ಒಂದು ವರ್ಷ ಡಿಕ್ಕಿಯಲ್ಲಿ ಮೂರು ಮೆಟ್ಟಿಲು ಕಟ್ಟಿ, ಬಿಳಿ ಬಟ್ಟೆ ಹಾಸಿ, ಚನ್ನಪಟ್ಟಣದ ಗೊಂಬೆಗಳನ್ನು ಕೂರಿಸಿದೆವು. ಅಸ್ಥಿಪಂಜರ, ಜೇಡರ ಬಲೆಗಳ ನಡುವೆ ನಮ್ಮ ಗೊಂಬೆ ಹಬ್ಬ. ನಿಂತು ನೋಡದೆ ಹೋದ ಮಗು ಕಡಿಮೆ.

ವೇಷ

ಒಂದು ಸೈಜ್ ದೊಡ್ಡದು ಕೊಳ್ಳಿ. ಒಳಗೆ ಸ್ವೆಟರ್ ಹಿಡಿಯಬೇಕು. 2019ರ ಹ್ಯಾಲೋವೀನ್ ದಿನ ಶಿಕಾಗೋದಲ್ಲಿ ಹಿಮವೇ ಬಿದ್ದಿತ್ತು. ಅಂಚು ಕಾಲಿಗೆ ತೊಡರದಂತೆ ಮಡಿಸಿ ಹೊಲಿಯಿರಿ. ಮುಖವಾಡದಲ್ಲಿ ಪಕ್ಕದ ನೋಟ ಸಿಗುವುದಿಲ್ಲ, ಬಣ್ಣ ಬಳಿಯುವುದೇ ವಾಸಿ. ಕನ್ನಡ ಸಂಘದ ಛದ್ಮವೇಷಕ್ಕೆ ಹೊಲಿಸಿದ ಬಟ್ಟೆಯೂ ಇಲ್ಲಿಗೆ ಸಲ್ಲುತ್ತದೆ. ಮರುದಿನವೇ ನವೆಂಬರ್ 1, ರಾಜ್ಯೋತ್ಸವ ಅಲ್ವಾ! ಕಿತ್ತೂರು ಚೆನ್ನಮ್ಮನ ಕತ್ತಿಯನ್ನು ಮಾತ್ರ ಮನೆಯಲ್ಲಿಡಿ. ಆಟಿಕೆ ಆಯುಧಕ್ಕೂ ಎಷ್ಟೋ ಶಾಲೆಗಳಲ್ಲಿ ಅನುಮತಿ ಇಲ್ಲ.

ಹೊರಡುವ ಮುಂಚೆ

ಹೊಟ್ಟೆ ತುಂಬಾ ಊಟ ಹಾಕಿ. ಚಪಾತಿ ಪಲ್ಯವೋ, ಮೊಸರನ್ನವೋ. ಹಸಿದ ಮಗುವಿನ ಮುಂದೆ ಯಾವ ಒಪ್ಪಂದವೂ ನಿಲ್ಲುವುದಿಲ್ಲ.

ಊಟ ಮಾಡುವಾಗಲೇ ಮೂರು ವಿಷಯ ಮಾತಾಡಿ. ಇವತ್ತು ರಾತ್ರಿ ಎಷ್ಟು ತಿನ್ನುವುದು? ಉಳಿದದ್ದು ಎಲ್ಲಿರುತ್ತದೆ? ಬೇಡವಾದದ್ದು ಯಾರಿಗೆ ಹೋಗುತ್ತದೆ? ಉತ್ತರವನ್ನು ನೀವೇ ಹೇರಬೇಡಿ. ‘ಎರಡೋ ಮೂರೋ, ನೀನೇ ಹೇಳು’ ಎಂದು ಕೇಳಿ. ನನ್ನ ಮಗಳು ಮೂರು ಅಂದಳು, ನಾಲ್ಕನೆಯದಕ್ಕೆ ಕೈ ಹಾಕಲಿಲ್ಲ. ತಾನೇ ಹೇಳಿದ ಮಾತು ಮಕ್ಕಳಿಗೆ ದೊಡ್ಡದು.

ಚೀಲ ಚಿಕ್ಕದಿರಲಿ. ದಿಂಬಿನ ಕವರ್ ಕೊಟ್ಟರೆ ಅದು ತುಂಬುವ ತನಕ ಮಕ್ಕಳು ಸುಮ್ನಿರುವುದಿಲ್ಲ. ಒಂದು ಕಾರಿನ ಹತ್ತಿರ ಒಂದೇ ಕ್ಯಾಂಡಿ, ತೆಗೆದುಕೊಂಡ ಮೇಲೆ ಥ್ಯಾಂಕ್ ಯೂ, ಮನೆಗೆ ಬರುವ ತನಕ ಬಾಯಿಗೆ ಹಾಕುವಂತಿಲ್ಲ. ಇಷ್ಟು ಮೊದಲೇ ಹೇಳಿಡಿ.

ಅಲ್ಲಿ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಕಂಡರೆ, ಅವರ ಹತ್ತಿರ ತಿನ್ನುವುದಲ್ಲದ ಉಡುಗೊರೆಯೂ ಇದೆ ಎಂದರ್ಥ. ಪೆನ್ಸಿಲ್, ಸ್ಟಿಕ್ಕರ್, ಚಿಕ್ಕ ಆಟಿಕೆ ಹೀಗೆ. ಅಲರ್ಜಿ ಇರುವ ಮಕ್ಕಳಿಗಾಗಿ ಟೆನೆಸ್ಸಿಯಲ್ಲಿ 2012ರಲ್ಲಿ ಶುರುವಾದ ಈ ರೂಢಿ 2014ರಿಂದ ಇಡೀ ದೇಶಕ್ಕೆ ಹಬ್ಬಿತು. ನೀವು ಡಿಕ್ಕಿ ತೆರೆಯುವುದಾದರೆ ಅಂಥದ್ದೊಂದು ಕುಂಬಳಕಾಯಿ ಖಂಡಿತ ಇಡಿ. ಎಲ್ಲರಂತೆ ಸಾಲಿನಲ್ಲಿ ನಿಂತು ಏನೂ ಸಿಗದೆ ಹೋಗುವ ಮಗುವಿನ ಮುಖ ನೋಡಲಾಗುವುದಿಲ್ಲ.

ಮನೆಗೆ ಬಂದ ಮೇಲೆ

ಚಾಪೆ ಹಾಸಿ, ಚೀಲ ಸುರಿಯಿರಿ. ಮಗುವೂ ಪಕ್ಕದಲ್ಲೇ ಕೂರಲಿ. ಕನ್ನಡದಲ್ಲಿ ಎಣಿಸಲು ಇದಕ್ಕಿಂತ ಒಳ್ಳೆ ಪಾಠವಿಲ್ಲ. ನನ್ನ ಮಗಳು ‘ಹತ್ತೊಂಬತ್ತು’ ಆದ ಮೇಲೆ ಏನು ಬರುತ್ತದೆ ಎಂದು ಕಲಿತದ್ದು ಹೀಗೆಯೇ.

ಮೊದಲು ಕಾಗದ ಹರಿದಿರುವುದು, ಬಿಚ್ಚಿ ಸುತ್ತಿದಂತೆ ಕಾಣುವುದು, ಹೆಸರೇ ಇಲ್ಲದ್ದು ತೆಗೆದುಹಾಕಿ. ಅಪರಿಚಿತರು ಕ್ಯಾಂಡಿಗೆ ವಿಷ ಹಾಕುತ್ತಾರೆ ಎಂಬ ಭಯ ಇಲ್ಲಿ ತುಂಬಾ ಹಳೆಯದು. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದ ಈಚಿನ ಸುದ್ದಿಗಳನ್ನು ಜಾಲಾಡಿದರೂ, ಹಾಗೆ ಮಗುವೊಂದು ಸತ್ತದ್ದಕ್ಕೆ ಖಚಿತವಾದ ಒಂದು ಉದಾಹರಣೆಯೂ ಸಿಗಲಿಲ್ಲ. ಹಾಗಾಗಿ ಆ ಭಯ ಬೇಡ. ಗಾಂಜಾ ಬೆರೆಸಿದ, ಕ್ಯಾಂಡಿಯಂತೆಯೇ ಕಾಣುವ ಪೊಟ್ಟಣಗಳು ಮಾತ್ರ ನಿಜಕ್ಕೂ ಇವೆ. ಹೆಸರು, ಚಿತ್ರ ಸ್ವಲ್ಪ ಬೇರೆ ಅನಿಸಿದರೂ ಎಸೆಯಿರಿ. ಮಗು ತಿಂದುಬಿಟ್ಟಿದೆ ಎಂಬ ಅನುಮಾನ ಬಂದರೆ ಅಮೆರಿಕದ ಎಲ್ಲ ಕಡೆಯಿಂದಲೂ 1-800-222-1222 ಪಾಯ್ಸನ್ ಕಂಟ್ರೋಲ್‌ಗೆ (ವಿಷ ಸೇವನೆಯ ಸಹಾಯವಾಣಿ) ಕರೆ ಮಾಡಬಹುದು. ಉಸಿರಾಟದ ತೊಂದರೆಯಿದ್ದರೆ, ಎಚ್ಚರ ತಪ್ಪಿದ್ದರೆ ನೇರವಾಗಿ ತುರ್ತು ಸಂಖ್ಯೆ 911.

ನಾಲ್ಕು ವರ್ಷದೊಳಗಿನ ಮಕ್ಕಳಿದ್ದರೆ ಗಟ್ಟಿ ಕ್ಯಾಂಡಿ, ಚೂಯಿಂಗ್ ಗಮ್, ಬೀಜ ಇರುವುದೆಲ್ಲ ಪಕ್ಕಕ್ಕೆ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಲರ್ಜಿ ಇರುವ ಮಕ್ಕಳ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಅಮೆರಿಕದ ಕಾನೂನು ಗುರುತಿಸಿರುವ ಮುಖ್ಯ ಅಲರ್ಜಿ ಪದಾರ್ಥಗಳು ಒಂಬತ್ತು: ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿಯಂಥವು, ಬಾದಾಮಿ-ಗೋಡಂಬಿಯಂಥವು, ಕಡಲೆಕಾಯಿ, ಗೋಧಿ, ಸೋಯಾ. ಒಂಬತ್ತನೆಯದು ಎಳ್ಳು, 2023ರಲ್ಲಿ ಸೇರಿತು. ತೊಂದರೆ ಏನೆಂದರೆ, ಪುಟ್ಟ ಚಾಕ್ಲೇಟಿನ ಕಾಗದದ ಮೇಲೆ ಎಷ್ಟೋ ಸಲ ಈ ಪಟ್ಟಿಯೇ ಇರುವುದಿಲ್ಲ. ದೊಡ್ಡ ಬಾರ್ ಮಗುವಿಗೆ ಒಗ್ಗುತ್ತದೆ ಎಂದು ಚಿಕ್ಕದನ್ನೂ ಕೊಡಬೇಡಿ, ಅದರ ಪದಾರ್ಥಗಳು ಬೇರೆ ಇರಬಹುದು. ಅಂಗಡಿಗೆ ಹೋದಾಗ ದೊಡ್ಡ ಪೊಟ್ಟಣದ ಹಿಂಭಾಗದ ಫೋಟೋ ತೆಗೆದಿಟ್ಟುಕೊಳ್ಳಿ.

ಸಸ್ಯಾಹಾರಿ ಮನೆಗಳಿಗೂ ಈ ಫೋಟೋ ಬೇಕಾಗುತ್ತದೆ. ಮೆತ್ತಗೆ ಹಿಗ್ಗುವ ಕ್ಯಾಂಡಿಗಳಲ್ಲಿ ಹೆಚ್ಚಾಗಿ ಜೆಲಟಿನ್ ಇರುತ್ತದೆ. ಅದನ್ನು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುತ್ತಾರೆ. ಅಮೆರಿಕದ ಸ್ಟಾರ್‌ಬರ್ಸ್ಟ್, ಮಾರ್ಷ್‌ಮ್ಯಾಲೋ, ಹೆಚ್ಚಿನ ಗಮ್ಮಿ ಕರಡಿಗಳಲ್ಲಿ ಅದಿದೆ. ಸ್ನಿಕರ್ಸ್‌ನಲ್ಲಿ ಮೊಟ್ಟೆಯ ಬಿಳಿ ಇದೆ. ಕೆಲವು ಕೆಂಪು ಕ್ಯಾಂಡಿಗಳಿಗೆ ಹಾಕುವ ಕಾರ್ಮೈನ್ ಒಂದು ಹುಳದ ಬಣ್ಣ. ಸ್ಕಿಟಲ್ಸ್‌ನಲ್ಲಿ ಈಗ ಜೆಲಟಿನ್ ಇಲ್ಲ. ಯಾವುದು ತಿನ್ನಬೇಕು ಎಂಬುದು ಆಯಾ ಮನೆಯ ನಿರ್ಧಾರ. ಆದರೆ ‘ಛೀ, ಕೊಳಕು’ ಎಂದು ಮಾತ್ರ ಹೇಳಬೇಡಿ. ಪಕ್ಕದ ಮನೆಯ ಮಗು ಅದನ್ನೇ ತಿನ್ನುತ್ತಿರುತ್ತದೆ. ‘ನಮ್ಮ ಮನೇಲಿ ಇದು ತಿನ್ನಲ್ಲ, ಇದರ ಬದಲು ಅದು ತಗೋ’ ಎಂದರೆ ಮಗುವಿಗೆ ಅರ್ಥವಾಗುತ್ತದೆ.

ಉಳಿದ ದಿನಗಳು

ಎರಡು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಹೊರಗಿನಿಂದ ಸೇರಿಸಿದ ಸಕ್ಕರೆ 25 ಗ್ರಾಂ ದಾಟಬಾರದು, ಎರಡರೊಳಗಿನವರಿಗೆ ಅದು ಬೇಡವೇ ಬೇಡ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ. 4 ಗ್ರಾಂ ಅಂದರೆ ಸುಮಾರು ಒಂದು ಟೀ ಚಮಚ. ಒಟ್ಟು ಆರು ಚಮಚ, ಅಷ್ಟೇ. ಅದರಲ್ಲಿ ಬೆಳಗಿನ ಸಿಹಿ ಸೀರಿಯಲ್, ಜಾಮ್ ಎಲ್ಲ ಸೇರಿತು. ನಾವು ದಿನಕ್ಕೆ ಒಂದು ಎಂದು ಮಾಡಿಕೊಂಡಿದ್ದೇವೆ. ಅದೂ ರಾತ್ರಿ ಊಟದ ಜೊತೆಗೇ. ಊಟದ ಹೊತ್ತಿನಲ್ಲಿ ಜೊಲ್ಲು ಜಾಸ್ತಿ ಬರುತ್ತದೆ, ಸಕ್ಕರೆ ಹಲ್ಲಿನ ಮೇಲೆ ನಿಲ್ಲುವುದಿಲ್ಲ. ದಿನವಿಡೀ ಒಂದೊಂದಾಗಿ ಚೀಪುವುದು ಹಲ್ಲಿಗೆ ಬಹಳ ಕೆಟ್ಟದ್ದು, ಅಂಟು ಮಿಠಾಯಿ ಇನ್ನೂ ಕೆಟ್ಟದ್ದು. ತಿಂದ ಮೇಲೆ ನೀರು, ಮಲಗುವ ಮುಂಚೆ ಬ್ರಷ್.

ದೀಪಾವಳಿಯೂ ಇದೇ ಹೊತ್ತಿಗೆ ಬರುತ್ತದೆ. 2024ರಲ್ಲಂತೂ ನರಕ ಚತುರ್ದಶಿ ಹ್ಯಾಲೋವೀನ್ ದಿನವೇ ಬಿತ್ತು. ಹೋಳಿಗೆ ತಿಂದ ದಿನ ಕ್ಯಾಂಡಿ ಇಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಜಗಳವಿಲ್ಲ.

ಬೇಡದ್ದನ್ನು ಎಸೆಯಬೇಡಿ. ಕೆಲವು ದಂತವೈದ್ಯರು ನವೆಂಬರ್ ಮೊದಲ ವಾರ ಕ್ಯಾಂಡಿಯನ್ನು ತೂಕ ಹಾಕಿ ಮಕ್ಕಳಿಂದ ಕೊಂಡುಕೊಳ್ಳುತ್ತಾರೆ. ‘ಆಪರೇಷನ್ ಗ್ರ್ಯಾಟಿಟ್ಯೂಡ್’ನಂಥ ಸಂಸ್ಥೆಗಳ ಮೂಲಕ ಅದು ಸೈನಿಕರಿಗೆ ಹೋಗುತ್ತದೆ. ಬಿಚ್ಚದ ಚಾಕ್ಲೇಟನ್ನು ಫ್ರೀಜರ್‌ನಲ್ಲಿಟ್ಟರೆ ಹುಟ್ಟುಹಬ್ಬದ ಕೇಕಿಗಾಯಿತು. ಮನೆಯಲ್ಲಿ ನಾಯಿ ಇದ್ದರೆ ಅದರ ಮೂತಿಗೆ ಎಟುಕದಂತೆ ಇಡಿ, ಚಾಕ್ಲೇಟು ನಾಯಿಗೆ ವಿಷ.

ನಮ್ಮ ಮನೆಯಲ್ಲಿ ಕ್ಯಾಂಡಿ ಇರುವುದು ಊರಿಂದ ತಂದ ಸ್ಟೀಲ್ ಡಬ್ಬಿಯಲ್ಲಿ, ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ. ಮೊದಲ ವಾರ ಮಗಳು ದಿನಾ ಕೇಳುತ್ತಾಳೆ, ಎರಡನೇ ವಾರ ಆಗೊಮ್ಮೆ ಈಗೊಮ್ಮೆ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಆ ಡಬ್ಬಿ ತೊಳೆದು ಒಣಗಿಸಿ ಚಕ್ಕುಲಿ ತುಂಬಿಸುತ್ತೇನೆ.