ಮ್ಯಾಕ್‌ನೊಳಗೆ ವಿಂಡೋಸ್, ವಿಂಡೋಸ್‌ನೊಳಗೆ ಆಟೋಕ್ಯಾಡ್: ನನ್ನ ಅನುಭವ

ಬದಿಯಡ್ಕದಲ್ಲಿ ಮನೆಗಳ ನಕ್ಷೆ ತಯಾರಿಸಿಕೊಡುವುದು ನನ್ನ ಕೆಲಸ. ಹಳೆಯ ವಿಂಡೋಸ್ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು, ಮಳೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ಅರ್ಧ ಬಿಡಿಸಿದ ನಕ್ಷೆಯೂ ಹೋಗತೊಡಗಿದಾಗ, ಬ್ಯಾಟರಿಯ ಆಸೆಯಿಂದಲೇ ಎಂ2 ಚಿಪ್ಪಿನ, 16 ಜಿಬಿ ಮೆಮೊರಿಯ ಮ್ಯಾಕ್‌ಬುಕ್ ಕೊಂಡೆ. ಅದರೊಳಗೆ ವಿಂಡೋಸ್ ಹಾಕಿ, ನಕ್ಷೆ ಬಿಡಿಸುವ ತಂತ್ರಾಂಶವಾದ ಆಟೋಕ್ಯಾಡನ್ನು ಆ ವಿಂಡೋಸ್‌ನಲ್ಲಿ ನಡೆಸುತ್ತಿದ್ದೇನೆ.

ಮ್ಯಾಕ್‌ಗೆಂದೇ ಮಾಡಿದ ಆಟೋಕ್ಯಾಡ್ ಇರುವಾಗ ಈ ಸುತ್ತುದಾರಿ ಏಕೆ ಎಂದು ಕೆಲವರು ಕೇಳಿದ್ದಾರೆ. 2010ರಲ್ಲಿ ಮ್ಯಾಕ್‌ಗೆ ಮರಳಿ ಬಂದ ಆ ಆವೃತ್ತಿಯಲ್ಲಿ ಗೆರೆ ಎಳೆಯುವುದಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ನನ್ನ ಬಳಿ ವರ್ಷಗಳಿಂದ ಬಳಸುತ್ತಿರುವ ಒಂದು ಲಿಸ್ಪ್ ಪ್ರೋಗ್ರಾಂ (ಆಟೋಕ್ಯಾಡಿನೊಳಗೆ ನಡೆಯುವ ಪುಟ್ಟ ಪ್ರೋಗ್ರಾಂ) ಇದೆ. ಜಾಗದ ಗಡಿಗೆರೆಯ ಮೇಲೆ ಕ್ಲಿಕ್ ಮಾಡಿದರೆ ಸಾಕು, ಚದರ ಮೀಟರಿನ ವಿಸ್ತೀರ್ಣವನ್ನು 40.47ರಿಂದ ಭಾಗಿಸಿ, ಬಂದ ಸೆಂಟ್ಸ್ ಲೆಕ್ಕವನ್ನು ನೇರವಾಗಿ ಎಕ್ಸೆಲ್ ಹಾಳೆಯಲ್ಲಿ ಬರೆಯುತ್ತದೆ. ಎಕ್ಸೆಲ್‌ನೊಂದಿಗೆ ಅದು ಮಾತನಾಡುವುದು ಒಂದು ಪ್ರೋಗ್ರಾಂ ಇನ್ನೊಂದನ್ನು ನಡೆಸಲು ಬಿಡುವ ಆ್ಯಕ್ಟಿವ್‌ಎಕ್ಸ್ ಮೂಲಕ, ಮತ್ತು ಆ್ಯಕ್ಟಿವ್‌ಎಕ್ಸ್ ವಿಂಡೋಸ್‌ನಲ್ಲಿ ಮಾತ್ರ ಇದೆ.

ವಿಂಡೋಸನ್ನು ನೇರವಾಗಿ ನಡೆಸಲು ಇಂಟೆಲ್ ಮ್ಯಾಕ್‌ಗಳಲ್ಲಿದ್ದ ಬೂಟ್ ಕ್ಯಾಂಪ್ ಎಂ2ನಂಥ ಆಪಲ್ ಚಿಪ್ಪುಗಳಲ್ಲಿ ಇಲ್ಲದಿರುವುದರಿಂದ, ಮ್ಯಾಕ್ ನಡೆಯುತ್ತಿರುವಾಗಲೇ ಅದರೊಳಗೆ ವಿಂಡೋಸ್ ನಡೆಸುವ ಪ್ಯಾರಲಲ್ಸ್ ಡೆಸ್ಕ್‌ಟಾಪ್ ಹಾಕಿಸಿಕೊಂಡೆ. ಅದರಲ್ಲಿ ವಿಂಡೋಸ್ 11ರ ಆರ್ಮ್ ಆವೃತ್ತಿಯನ್ನು (ಎಂ2 ಕೂಡ ಸೇರುವ ಆರ್ಮ್ ಮಾದರಿಯ ಚಿಪ್ಪುಗಳಿಗೆಂದು ಮಾಡಿದ್ದು) ನಡೆಸಲು ಮೈಕ್ರೋಸಾಫ್ಟ್ 2023ರ ಫೆಬ್ರುವರಿಯಲ್ಲಿ ಅಧಿಕೃತ ಒಪ್ಪಿಗೆ ಕೊಟ್ಟಿದೆ. ವಿಂಡೋಸ್ ಲೈಸೆನ್ಸನ್ನು ಬೇರೆಯೇ ಕೊಳ್ಳಬೇಕು. ಪ್ಯಾರಲಲ್ಸ್‌ನ ಸಾಮಾನ್ಯ ಆವೃತ್ತಿ ಒಂದು ವರ್ಚುವಲ್ ಯಂತ್ರಕ್ಕೆ, ಅಂದರೆ ಹೀಗೆ ಒಳಗೆ ನಡೆಯುವ ವಿಂಡೋಸ್‌ಗೆ, 8 ಜಿಬಿ ಮೆಮೊರಿ, 4 ಕೋರ್‌ಗಳಿಗಿಂತ ಹೆಚ್ಚು ಕೊಡುವುದಿಲ್ಲ. ನಾನು ಅಷ್ಟನ್ನೂ ಕೊಟ್ಟೆ. ಆಟೋಕ್ಯಾಡ್ ಇಂಟೆಲ್ ಮಾದರಿಯ ಪ್ರೊಸೆಸರಿಗಾಗಿ ಬರೆದದ್ದಾದ್ದರಿಂದ ವಿಂಡೋಸ್ ಅದನ್ನು ಒಳಗೊಳಗೇ ಅನುವಾದಿಸುತ್ತ ನಡೆಸುತ್ತದೆ. ಎರಡಂತಸ್ತಿನ ಮನೆಯ 2ಡಿ ನಕ್ಷೆಗೆ ಈ ವೇಗ ಧಾರಾಳವಾಯಿತು. 3ಡಿ ಕೆಲಸ ನನಗಿಲ್ಲ.

ವೇಗಕ್ಕಿಂತ ಹೆಚ್ಚು ಸತಾಯಿಸಿದ್ದು ಕೀಲಿಮಣೆ. ಮ್ಯಾಕ್‌ನಲ್ಲಿ ಡಿಲೀಟ್ ಎಂದು ಬರೆದಿರುವ ಕೀಲಿ ವಿಂಡೋಸ್‌ನ ಕಣ್ಣಿಗೆ ಬ್ಯಾಕ್‌ಸ್ಪೇಸ್. ಗೋಡೆಯೊಂದನ್ನು ಆಯ್ದು ಅದನ್ನು ಎಷ್ಟು ಒತ್ತಿದರೂ ಗೋಡೆ ಅಲ್ಲಾಡಲಿಲ್ಲ. ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕು. ಗೆರೆ ನೇರವಾಗಿ ಅಡ್ಡಕ್ಕೋ ಉದ್ದಕ್ಕೋ ಮಾತ್ರ ಹೋಗುವಂತೆ ಮಾಡುವ ಆರ್ಥೋಗಾಗಿ ಎಫ್8 ಒತ್ತಿದರೆ ಮ್ಯಾಕ್‌ನ ಹಾಡು ಶುರುವಾಗುತ್ತಿತ್ತು. ಎರಡು ದಿನ ಸಹಿಸಿ, ಕೊನೆಗೆ ಹಳೆಯ ವಿಂಡೋಸ್ ಕೀಲಿಮಣೆಯನ್ನೂ ಮೂರು ಗುಂಡಿಯ ಮೌಸನ್ನೂ ಸಿಕ್ಕಿಸಿಕೊಂಡೆ.

ನಿಜವಾದ ಪೆಟ್ಟು ಬಿದ್ದದ್ದು ಕಡತಗಳ ವಿಷಯದಲ್ಲಿ. ಸೈಟ್ ಪ್ಲಾನನ್ನು ಎಕ್ಸ್‌ರೆಫ್ ಆಗಿ (ಒಳಗೆ ಸೇರಿಸದೆ, ಬೇರೆ ಕಡತದಿಂದ ಎಳೆದು ತೋರಿಸುವಂತೆ) ಜೋಡಿಸಿದ್ದ ನಕ್ಷೆಯೊಂದನ್ನು ಸಹಿಗಾಗಿ ಕಾಸರಗೋಡಿನ ಎಂಜಿನಿಯರರಿಗೆ ಕಳುಹಿಸಿದ್ದೆ. ಅವರು ಫೋನ್ ಮಾಡಿ, “ಮಾರಾಯ್ರೇ, ಜಾಗವೇ ಇಲ್ಲದೆ ಮನೆ ಕಟ್ಟಿದ್ದೀರಲ್ಲ!” ಎಂದರು. ಹಾಳೆಯಲ್ಲಿ ಮನೆಯಿತ್ತು, ರಸ್ತೆಯಾಗಲಿ ಗಡಿಯಾಗಲಿ ಗಡಿಯಿಂದ ಬಿಡಬೇಕಾದ ಸೆಟ್‌ಬ್ಯಾಕ್ ಆಗಲಿ ಇರಲಿಲ್ಲ. ನನ್ನ ಅವಸರದಲ್ಲಿ ಸೈಟ್ ಪ್ಲಾನಿನ ಕಡತವನ್ನೇ ಕಳುಹಿಸಿರಲಿಲ್ಲ ಎಂಬುದು ಅರ್ಧ ಕಾರಣ. ಕಳುಹಿಸಿದ ಮೇಲೂ ಅದು ತಾನಾಗಿ ಕೂಡಿಕೊಳ್ಳದೆ ಇದ್ದಾಗ ಎಕ್ಸ್‌ರೆಫ್ ಪಟ್ಟಿ ತೆರೆದು ನೋಡಿದೆ. ಪ್ಯಾರಲಲ್ಸ್ ಎರಡೂ ಕಡೆಯ ಡೆಸ್ಕ್‌ಟಾಪನ್ನು ಒಂದು ಮಾಡಿಬಿಟ್ಟಿರುವುದರಿಂದ, ವಿಂಡೋಸ್ ಡೆಸ್ಕ್‌ಟಾಪಿನಲ್ಲಿದೆ ಎಂದು ನಾನು ನಂಬಿದ್ದ ಸೈಟ್ ಪ್ಲಾನ್ ವಾಸ್ತವದಲ್ಲಿ ಮ್ಯಾಕ್‌ನ ಫೋಲ್ಡರಿನಲ್ಲಿತ್ತು, ಮುಖ್ಯ ನಕ್ಷೆ ಸಿ ಡ್ರೈವಿನಲ್ಲಿತ್ತು. ಬೇರೆ ಬೇರೆ ಡ್ರೈವಿನಲ್ಲಿರುವ ಕಡತಗಳ ನಡುವೆ ಸಾಪೇಕ್ಷ ವಿಳಾಸ (ಒಂದು ಕಡತ ಇರುವಲ್ಲಿಂದ ಇನ್ನೊಂದಕ್ಕೆ ಹೋಗುವ ದಾರಿ) ಸಾಧ್ಯವಿಲ್ಲದ ಕಾರಣ ನನ್ನ ಮ್ಯಾಕ್‌ನ ಪೂರ್ಣ ವಿಳಾಸವೇ ನಕ್ಷೆಯಲ್ಲಿ ಅಚ್ಚಾಗಿತ್ತು.

ಅಂದಿನಿಂದ ಡೆಸ್ಕ್‌ಟಾಪ್ ಹಂಚಿಕೆಯನ್ನು ನಿಲ್ಲಿಸಿಟ್ಟು, ಒಂದು ಮನೆಗೆ ಸಂಬಂಧಿಸಿದ ಎಲ್ಲ ಕಡತಗಳನ್ನೂ ಸಿ ಡ್ರೈವಿನ ಒಂದೇ ಫೋಲ್ಡರಿನಲ್ಲಿಡುತ್ತೇನೆ. ಹೊರಗೆ ಕಳುಹಿಸುವುದಿದ್ದರೆ ಈ-ಟ್ರಾನ್ಸ್‌ಮಿಟ್ ಬಳಸಿ ಎಕ್ಸ್‌ರೆಫ್, ಫಾಂಟ್‌ಗಳನ್ನೆಲ್ಲ ಕಟ್ಟಿ ಕಳುಹಿಸುತ್ತೇನೆ. ಮುದ್ರಣಕ್ಕೆ ಆಟೋಕ್ಯಾಡಿನಿಂದ ಪಿಡಿಎಫ್ ಮಾಡಿ, ಅದನ್ನು ಮ್ಯಾಕ್‌ನಿಂದಲೇ ಎ3 ಪ್ರಿಂಟರಿಗೆ ಕೊಡುತ್ತೇನೆ.

ಒಂದು ಕೆಲಸ ಮಾತ್ರ ಕೊನೆಗೂ ಆಗಲಿಲ್ಲ. ನಾನು ಬಳಸುವ ಎಸ್ಟಿಮೇಟ್ ತಂತ್ರಾಂಶ ಲೈಸೆನ್ಸಿನ ಕೀಲಿಯಂತೆ ಸಿಕ್ಕಿಸುವ ಯುಎಸ್‌ಬಿ ಡಾಂಗಲ್ ಇಲ್ಲದೆ ತೆರೆಯುವುದಿಲ್ಲ. ಪ್ರೋಗ್ರಾಂಗಳನ್ನು ಅನುವಾದಿಸಿ ನಡೆಸುವ ಆರ್ಮ್ ವಿಂಡೋಸ್, ಸಿಕ್ಕಿಸಿದ ಸಾಧನಗಳನ್ನು ಗುರುತಿಸಿ ಕೆಲಸ ಮಾಡಿಸುವ ಡ್ರೈವರುಗಳನ್ನು ಹಾಗೆ ನಡೆಸಲಾರದು. ಅವು ಆರ್ಮ್‌ಗೆಂದೇ ಬರೆದವಾಗಿರಬೇಕು, ಈ ಡಾಂಗಲಿಗೆ ಅಂಥದ್ದು ಸಿಗಲಿಲ್ಲ. ಹಾಗಾಗಿ ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ಇನ್ನೂ ಮೇಜಿನ ಮೂಲೆಯಲ್ಲಿದೆ. ಕರೆಂಟ್ ಇರುವ ಹೊತ್ತು ನೋಡಿ ಮುರಕಲ್ಲು, ಸಿಮೆಂಟಿನ ಲೆಕ್ಕವನ್ನು ಅದರಲ್ಲಿಯೇ ಮುಗಿಸುತ್ತೇನೆ.